ವಿಡಿಯೋ ನೋಡಿ ಬಿಡಿಸಿದರೂ ಪಾತ್ರ ಯಾಕೆ ತೇಲುತ್ತದೆ? ಅನಿಮೇಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನನ್ನ ಪಾತ್ರ ನೆಲದಿಂದ ಭಾರದ ಪೆಟ್ಟಿಗೆ ಎತ್ತಬೇಕು. ಖಾಲಿ ರಟ್ಟಿನ ಪೆಟ್ಟಿಗೆ ಎತ್ತಿ ಮೊಬೈಲ್‌ನಲ್ಲಿ ಶೂಟ್ ಮಾಡಿದೆ. ಕ್ರಿತಾ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಆ ವಿಡಿಯೋವನ್ನು ಕೆಳಗಿನ ಲೇಯರ್‌ಗೆ ಹಾಕಿ, ಒಂದು ಫ್ರೇಮೂ ಬಿಡದೆ ಟ್ರೇಸ್ ಮಾಡಿದೆ. ಪ್ಲೇ ಮಾಡಿದರೆ ಪಾತ್ರ ತೇಲಿದ ಹಾಗಿದೆ, ಗೆರೆಗಳೆಲ್ಲ ನಡುಗುತ್ತಿವೆ. ಯಾಕೆ?

ಉತ್ತರ: ಮೊದಲ ತೊಂದರೆ ಪೆಟ್ಟಿಗೆಯದ್ದೇ. ಖಾಲಿ ಪೆಟ್ಟಿಗೆ ಹಿಡಿದು ಮುಖ ಹಿಂಡಿ ನಟಿಸಬಹುದು, ಆದರೆ ಸೊಂಟ ನಟಿಸುವುದಿಲ್ಲ. ನಿಜವಾಗಿ ಭಾರ ಇದ್ದಾಗ ಮೊದಲು ಕಾಲು ಅಗಲವಾಗಿ ಊರುತ್ತದೆ, ಸೊಂಟ ಇಳಿಯುತ್ತದೆ, ತೋಳು ಬಿಗಿಯಾಗುತ್ತದೆ. ಪೆಟ್ಟಿಗೆ ಅಲುಗುವುದು ಕೊನೆಗೆ. ಎತ್ತಿದ ಮೇಲೆ ಮೈ ಹಿಂದಕ್ಕೆ ವಾಲುತ್ತದೆ, ಯಾಕೆಂದರೆ ಮೈ ಮತ್ತು ಪೆಟ್ಟಿಗೆ ಎರಡರ ತೂಕವೂ ಸೇರಿ ಪಾದದ ಮೇಲೇ ನಿಲ್ಲಬೇಕು. ಒಳಗೆ ಒಂದಿಷ್ಟು ಪುಸ್ತಕ ತುಂಬಿ ಮತ್ತೆ ಶೂಟ್ ಮಾಡಿ. ಬೆನ್ನು ಹುಷಾರು!

ಎರಡನೆಯದು ಟ್ರೇಸಿಂಗ್. ಎಲ್ಲ ಫ್ರೇಮನ್ನೂ ಒಂದೇ ಸಮ ನೋಡಿದರೆ ಮುಖ್ಯವಾದ ಪೋಸ್ ಯಾವುದು, ಸುಮ್ನೆ ಬಂದುಹೋಗುವ ಪೋಸ್ ಯಾವುದು ಅಂತ ಗೊತ್ತಾಗುವುದಿಲ್ಲ. ವಿಡಿಯೋದಲ್ಲಿ ನೆರಳು, ಬಟ್ಟೆಯ ಮಡಿಕೆ, ಸ್ನಾಯು ಎಲ್ಲ ಸೇರಿ ಭಾರ ತೋರಿಸುತ್ತವೆ. ನೀವು ಹೊರಗೆರೆ ಮಾತ್ರ ಎತ್ತಿಕೊಂಡರೆ ಅದೆಲ್ಲ ಬಿಟ್ಟುಹೋಗುತ್ತದೆ. ಅದನ್ನು ತುಂಬಿಕೊಡಬೇಕಾದದ್ದು ಪೋಸ್. ಅದಕ್ಕೇ ಕೈಯಲ್ಲಿ ಬಿಡಿಸುವಾಗ ಬೆನ್ನು ಇನ್ನೂ ಜಾಸ್ತಿ ಬಾಗಬೇಕು, ಸೊಂಟ ಇನ್ನೂ ಕೆಳಗಿಳಿಯಬೇಕು.

ನಾನು ಮಾಡುವುದು ಹೀಗೆ. ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ನೋಡುತ್ತೇನೆ, ಪೆನ್ ಮುಟ್ಟುವುದಿಲ್ಲ. ದಿಕ್ಕು ಬದಲಾಗುವ ಫ್ರೇಮ್, ಕಾಲು ಊರಿದ ಫ್ರೇಮ್, ಸೊಂಟ ಅತಿ ಕೆಳಗಿರುವ ಫ್ರೇಮ್, ಪೆಟ್ಟಿಗೆ ನೆಲ ಬಿಟ್ಟ ಫ್ರೇಮ್, ಇವುಗಳ ನಂಬರ್ ಬರೆದುಕೊಳ್ಳುತ್ತೇನೆ. ನಂತರ ವಿಡಿಯೋ ಲೇಯರ್ ಮುಚ್ಚಿ ಆ ಪೋಸ್‌ಗಳನ್ನು ನನ್ನ ಪಾತ್ರದಲ್ಲಿ ಬಿಡಿಸಿ, ಅದೇ ನಂಬರ್‌ಗಳಲ್ಲಿ ಕೂರಿಸುತ್ತೇನೆ. ಸೆಕೆಂಡಿಗೆ 24 ಫ್ರೇಮ್ ಇದ್ದರೂ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೆ 12 ಚಿತ್ರ ಸಾಕು. ಮೈ ಬಿಗಿಹಿಡಿದು ನಿಂತ ಹೊತ್ತಿನಲ್ಲಿ ಇನ್ನೂ ಕಡಿಮೆ ಸಾಕು. ನಿಮ್ಮ ಗೆರೆ ನಡುಗುತ್ತಿರುವುದು ಅಲ್ಲೇ ಇರಬೇಕು: ಅಲುಗದ ಮೈಯನ್ನು ಪ್ರತಿ ಫ್ರೇಮಿಗೂ ಹೊಸದಾಗಿ ಬಿಡಿಸಿದ್ದೀರಿ, ಅಲ್ವಾ?

ಪ್ರಶ್ನೆ: ಹೌದು ಮೇಡಂ, ಹಾಗೇ ಮಾಡಿದ್ದೆ. ನನ್ನ ವಿಡಿಯೋ ಸೆಕೆಂಡಿಗೆ 30 ಫ್ರೇಮಿನದು, ಅದರಲ್ಲಿ ಕೈಗಳು ಮಸುಕಾಗಿವೆ. 60ರಲ್ಲಿ ಶೂಟ್ ಮಾಡಲಾ?

ಉತ್ತರ: ಮೊಬೈಲ್‌ನಲ್ಲಿ ಇದ್ದರೆ 120 ಇಡಿ. 120ನ್ನು 24ರಿಂದ ಭಾಗಿಸಿದರೆ ಸರಿಯಾಗಿ 5. ಅಂದರೆ ಪ್ರತಿ ಐದನೇ ಫ್ರೇಮ್ ತೆಗೆದುಕೊಂಡರೆ ಸಾಕು. 60 ಆದರೆ ಎರಡೂವರೆ ಬರುತ್ತದೆ, ಅರ್ಧ ಫ್ರೇಮ್ ಎಲ್ಲಿಂದ ತರುತ್ತೀರಿ? ಇನ್ನೊಂದು ಲಾಭ: 120ರಲ್ಲಿ ಒಂದು ಫ್ರೇಮಿಗೆ ಬೆಳಕು ಬೀಳುವ ಸಮಯ ಸೆಕೆಂಡಿನ 120ನೇ ಒಂದು ಭಾಗ ದಾಟುವಂತಿಲ್ಲ, ಹಾಗಾಗಿ ಮಸುಕು ಕಡಿಮೆ. ಆದರೆ ಬೆಳಕು ಚೆನ್ನಾಗಿರಬೇಕು.

ಈಗಿರುವ 30ರ ವಿಡಿಯೋ ಬಳಸುವುದಾದರೆ ಫ್ರೇಮ್ ನಂಬರನ್ನು 0.8ರಿಂದ ಗುಣಿಸಿ. ಅಲ್ಲಿಯ 15ನೇ ಫ್ರೇಮ್ ಇಲ್ಲಿ 12ನೆಯದು. ಒಂದು ಎಚ್ಚರ: ಎಷ್ಟೋ ಮೊಬೈಲ್‌ಗಳ ಫ್ರೇಮ್ ವೇಗ ಒಂದೇ ಸಮ ಇರುವುದಿಲ್ಲ, ಬೆಳಕಿಗೆ ತಕ್ಕಂತೆ ಏರಿಳಿಯುತ್ತದೆ. ಮೊದಲು ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್‌ಗೆ ಬದಲಿಸಿಕೊಳ್ಳಿ. ಮೊಬೈಲನ್ನು ಕೈಯಲ್ಲಿ ಹಿಡಿಯಬೇಡಿ, ಸ್ಟ್ಯಾಂಡಿಗೆ ಹಾಕಿ ದೂರ ಇಡಿ. ಹತ್ತಿರ ಇಟ್ಟರೆ ಮುಂದೆ ಬಂದ ಕೈ ಸುಮ್ಮನೆ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ (ಇನ್ನೊಬ್ಬರು): ನನ್ನ ಪಾತ್ರಕ್ಕೆ ತಲೆ ದೊಡ್ಡದು, ಕಾಲು ಗಿಡ್ಡ. ಮನುಷ್ಯರ ವಿಡಿಯೋ ಹೇಗೆ ಹೊಂದಿಸಲಿ?

ಉತ್ತರ: ಅಳತೆ ಬಿಡಿ, ಟೈಮಿಂಗ್ ತಗೊಳ್ಳಿ. ಹೆಜ್ಜೆಯ ಉದ್ದ ನಿಮ್ಮ ಪಾತ್ರದ್ದೇ ಇರಲಿ, ಹೆಜ್ಜೆ ನೆಲಕ್ಕೆ ತಾಗುವ ಫ್ರೇಮ್ ಮಾತ್ರ ವಿಡಿಯೋದ್ದು. ಊರಿದ ಪಾದ ಜಾರದಂತೆ ಕ್ಯಾನ್ವಾಸ್ ಮೇಲೆ ಒಂದು ಗುರುತು ಹಾಕಿಕೊಳ್ಳಿ. ದೊಡ್ಡ ತಲೆ ನಿಲ್ಲುವುದಕ್ಕೆ ಮೈಗಿಂತ ಒಂದೆರಡು ಫ್ರೇಮ್ ತಡವಾದರೆ ಚೆನ್ನಾಗಿರುತ್ತದೆ. ಅದು ವಿಡಿಯೋದಲ್ಲಿ ಸಿಗುವುದಿಲ್ಲ, ನೀವೇ ಸೇರಿಸಬೇಕು.

ಪ್ರಶ್ನೆ: ಹಾಗಾದರೆ ಟ್ರೇಸ್ ಮಾಡೋದೇ ತಪ್ಪಾ? ನೆಟ್‌ನಲ್ಲಿ ಸಿಗುವ ಡಾನ್ಸ್ ವಿಡಿಯೋ ಬಳಸಬಹುದಾ?

ಉತ್ತರ: ತಪ್ಪೇನಿಲ್ಲ. ಅಮೆರಿಕದ ಅನಿಮೇಟರ್ ಮ್ಯಾಕ್ಸ್ ಫ್ಲೈಷರ್ 1915ರಲ್ಲಿ ರೊಟೊಸ್ಕೋಪ್‌ಗೆ, ಅಂದರೆ ಫಿಲ್ಮ್ ನೋಡಿ ಫ್ರೇಮ್ ಫ್ರೇಮ್ ಟ್ರೇಸ್ ಮಾಡುವ ಸಾಧನಕ್ಕೆ, ಪೇಟೆಂಟ್ ಅರ್ಜಿ ಹಾಕಿದರು. ಅವರ ತಮ್ಮ ಡೇವ್ ಕೋಡಂಗಿ ವೇಷ ಹಾಕಿ ಕುಣಿದದ್ದನ್ನೇ ಫಿಲ್ಮ್‌ನಿಂದ ಟ್ರೇಸ್ ಮಾಡಿದ್ದರು. ಮನುಷ್ಯರಂತೆಯೇ ಕಾಣುವ ಪಾತ್ರ, ಸುತ್ತು ಹೊಡೆಯುವ ಕ್ಯಾಮೆರಾ, ಇಂಥ ಕಡೆ ಟ್ರೇಸಿಂಗ್ ಒಳ್ಳೆಯ ದಾರಿ. ಕಲಿಯುವವರಿಗೆ ಮಾತ್ರ ನಾನು ಅದನ್ನು ಮೊದಲಿಗೇ ಹೇಳಿಕೊಡುವುದಿಲ್ಲ.

ಬೇರೆಯವರ ಡಾನ್ಸನ್ನು ನೋಡಿ ಅಭ್ಯಾಸ ಮಾಡಿ, ಅಡ್ಡಿಯಿಲ್ಲ. ಫ್ರೇಮ್ ಫ್ರೇಮ್ ಟ್ರೇಸ್ ಮಾಡಿ ನಿಮ್ಮದು ಅಂತ ಹಾಕುವುದಾದರೆ ಅವರ ಒಪ್ಪಿಗೆ ಕೇಳಿ. ಅದಕ್ಕಿಂತ ಸುಲಭ, ಕುಣಿಯಲು ಬರುವ ಗೆಳೆಯರೊಬ್ಬರನ್ನು ಕರೆದು ಶೂಟ್ ಮಾಡುವುದು. ಬೇಕಾದ ಕೋನವೂ ಸಿಗುತ್ತದೆ, ಸರಿಬರದಿದ್ದರೆ ಇನ್ನೊಂದು ಟೇಕ್ ಕೂಡ ಕೇಳಬಹುದು.