ಮನುಷ್ಯರ ಹಾಗೆ ಸ್ಕ್ರೋಲ್ ಮಾಡುವ ಟೂಲ್: ರೀಡ್‌ಮಿಯಲ್ಲಿ ಏನು ಬರೆಯಬೇಕು?

ಕೇಳಿದವರು:
ಪ್ಲೇರೈಟ್ (ಬ್ರೌಸರನ್ನು ಕೋಡಿನಿಂದ ಓಡಿಸುವ ಲೈಬ್ರರಿ) ಬಳಸಿ ಒಂದು ಚಿಕ್ಕ ಟೂಲ್ ಮಾಡಿದ್ದೇನೆ, ಜಾವಾಸ್ಕ್ರಿಪ್ಟ್‌ನಲ್ಲಿ. ಪುಟದ ತಳಕ್ಕೆ ಒಂದೇ ಸಲ ಹಾರುವುದಿಲ್ಲ. ಸ್ವಲ್ಪ ಸ್ವಲ್ಪ ಇಳಿಯುತ್ತದೆ, ನಡುವೆ ನಿಲ್ಲುತ್ತದೆ, ಒಮ್ಮೊಮ್ಮೆ ಮೇಲಕ್ಕೂ ಹೋಗುತ್ತದೆ. ಈಗ ಟೀಮಿನವರೆಲ್ಲ ಬಳಸುತ್ತಿದ್ದಾರೆ, ದಿನಾ ಬಂದು ಕೇಳಿದ್ದನ್ನೇ ಕೇಳುತ್ತಾರೆ. ರೀಡ್‌ಮಿ (ಟೂಲ್ ಬಳಸುವುದು ಹೇಗೆಂದು ಹೇಳುವ ಫೈಲ್) ಬರೆಯೋಣ ಅಂತ ಕೂತರೆ "ಇದು ಮನುಷ್ಯರ ಹಾಗೆ ಸ್ಕ್ರೋಲ್ ಮಾಡುತ್ತದೆ" ಎಂಬ ಸಾಲಿನಿಂದ ಮುಂದಕ್ಕೆ ಹೋಗುತ್ತಿಲ್ಲ. ಇಂಥದ್ದನ್ನು ಬರೆದವರು ಇದ್ದರೆ ಹೇಳಿ.

ಮೊದಲ ಉತ್ತರ:
ಮೊದಲು ಆ ಸಾಲನ್ನೇ ತೆಗೆಯಿರಿ. ಮನುಷ್ಯರು ಅಂದರೆ ಯಾರು? ನಮ್ಮಮ್ಮ ರೆಸಿಪಿ ಓದುವಾಗ ಬೆರಳಲ್ಲಿ ಒಂದೊಂದೇ ಇಂಚು ಸರಿಸುತ್ತಾರೆ. ನನ್ನ ತಮ್ಮ ಕಣ್ಣು ಮಿಟುಕಿಸುವಷ್ಟರಲ್ಲಿ ಕಾಮೆಂಟ್ ತಲುಪಿರುತ್ತಾನೆ. ಅಂಕಿ ಬರೆಯಿರಿ ಸರ್. ಒಂದು ಹೆಜ್ಜೆಗೆ 80ರಿಂದ 140 ಪಿಕ್ಸೆಲ್, ನಡುವೆ 200ರಿಂದ 900 ಮಿಲಿಸೆಕೆಂಡ್ ಬಿಡುವು, ಹತ್ತು ಹೆಜ್ಜೆಗೆ ಒಂದು ಸಲ ವಾಪಸ್ ಮೇಲಕ್ಕೆ. ನಿಮ್ಮ ಟೂಲ್‌ನಲ್ಲಿ ಏನಿದೆಯೋ ಅದನ್ನು ಹೀಗೆ ಹಾಕಿದರೆ ಅರ್ಧ ಪ್ರಶ್ನೆ ಅಲ್ಲೇ ನಿಲ್ಲುತ್ತದೆ.

ಇನ್ನೊಂದು. ಹೆಜ್ಜೆ, ಬಿಡುವು ಎಲ್ಲಾ ರ‍್ಯಾಂಡಮ್ ಆದರೆ ಇವತ್ತು ಬಿದ್ದ ಟೆಸ್ಟ್ ನಾಳೆ ಸುಮ್ನೆ ಪಾಸಾಗುತ್ತದೆ, ಹುಡುಕುವುದು ಎಲ್ಲಿ? ಸೀಡ್ (ಅದೇ ಸರಣಿ ಮತ್ತೆ ಬರುವಂತೆ ಮಾಡುವ ಆರಂಭದ ಅಂಕಿ) ಕೊಡುವುದು ಹೇಗೆ, ಬಿದ್ದ ಓಟದ ಸೀಡ್ ಲಾಗ್‌ನಲ್ಲಿ ಎಲ್ಲಿ ಸಿಗುತ್ತದೆ, ಇದು ಮೇಲೇ ಇರಲಿ.

ಎರಡನೇ ಉತ್ತರ:
ನಾನು ಟೆಸ್ಟಿಂಗ್‌ನಲ್ಲಿರುವವಳು. ಟೂಲ್ ಯಾಕೆ ಬೇಕು ಎಂಬುದನ್ನು ಎರಡೇ ಸಾಲಲ್ಲಿ ಬರೆಯಿರಿ. ಲೇಜಿ ಲೋಡ್ ಚಿತ್ರಗಳಿರುವ, ಅಂದರೆ ಹತ್ತಿರ ಬಂದಾಗ ಮಾತ್ರ ಚಿತ್ರ ತರುವ ಪುಟದಲ್ಲಿ ಸೀದಾ ತಳಕ್ಕೆ ಹಾರಿ ಸ್ಕ್ರೀನ್‌ಶಾಟ್ ತೆಗೆದರೆ ನಡುವೆ ಬರೀ ಬಿಳಿ ಡಬ್ಬಿಗಳು ಬರುತ್ತವೆ. ಆ ಚಿತ್ರಗಳ ಹತ್ತಿರ ಪುಟ ಬಂದೇ ಇಲ್ಲವಲ್ಲ, ಬ್ರೌಸರ್ ಯಾಕೆ ತರುತ್ತದೆ? ಇಷ್ಟು ಸಾಕು.

ಜಾಸ್ತಿ ಜಾಗ ಕೊಡಬೇಕಾದ್ದು ಎಲ್ಲಿ ಕೆಡುತ್ತದೆ ಎಂಬುದಕ್ಕೆ. ಒಂದು ಡ್ಯಾಶ್‌ಬೋರ್ಡ್‌ನಲ್ಲಿ ನನ್ನ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಸ್ಕ್ರಿಪ್ಟ್ ಓಡುತ್ತಿದೆ, ಎರರ್ ಇಲ್ಲ, ಪುಟ ಮಾತ್ರ ಅಲುಗುತ್ತಿಲ್ಲ. ಕೊನೆಗೆ ಬ್ರೌಸರ್ ಕಿಟಕಿ ತೆರೆದುಕೊಂಡು ಓಡಿಸಿ ನೋಡಿದರೆ ಎಡಗಡೆಯ ಮೆನು ಪಾಪ ಒಂದೇ ಸಮನೆ ಇಳಿಯುತ್ತಿದೆ! ಪ್ಲೇರೈಟ್‌ನಲ್ಲಿ ಮೌಸ್ ಚಕ್ರ ತಿರುಗಿಸುವ ಆದೇಶ ಮೌಸ್.ವೀಲ್, ಅದು ಕೆಲಸ ಮಾಡುವುದು ಪಾಯಿಂಟರ್ ಇರುವ ಜಾಗದಲ್ಲಿ. ಮೌಸ್ ಅನ್ನು ಎಲ್ಲೂ ಸರಿಸದಿದ್ದರೆ ಅದು ಮೇಲಿನ ಎಡ ಮೂಲೆಯಲ್ಲೇ ಕೂತಿರುತ್ತದೆ. ನನ್ನ ಪುಟದಲ್ಲಿ ಆ ಮೂಲೆಯಲ್ಲಿ ಇದ್ದದ್ದು ಮೆನು. ಮೊದಲು ಮೌಸ್ ಅನ್ನು ನಡುವಿನ ಪಟ್ಟಿಯ ಮೇಲೆ ತಂದೆ, ಸರಿಹೋಯಿತು. ಒಂದೇ ಸಾಲಿನ ಕೆಲಸ. ಅದನ್ನು ಯಾರಾದರೂ ಬರೆದಿಟ್ಟಿದ್ದರೆ ನಾನು ಅವತ್ತು ಆರು ಗಂಟೆಯ ಬಸ್ ಹಿಡಿಯುತ್ತಿದ್ದೆ.

ಮತ್ತೆ, ಮೌಸ್.ವೀಲ್ ಸ್ಕ್ರೋಲ್ ಮುಗಿಯುವ ತನಕ ಕಾಯುವುದಿಲ್ಲ. ಚಕ್ರ ತಿರುಗಿಸಿ ವಾಪಸ್ ಬರುತ್ತದೆ ಅಷ್ಟೇ. ನಿಮ್ಮ ಟೂಲ್ ಕಾಯುತ್ತದೋ, ಬಳಸುವವರೇ ಕಾಯಬೇಕೋ? ಮೊಬೈಲ್ ವೆಬ್‌ಕಿಟ್‌ನಲ್ಲಿ (ಸಫಾರಿಯ ಎಂಜಿನ್) ಮೌಸ್.ವೀಲ್ ನಡೆಯುವುದೇ ಇಲ್ಲ, ಅದನ್ನೂ ಹಾಕಿ.

ಮೂರನೇ ಉತ್ತರ:
ಯಾವಾಗ ನಿಲ್ಲುತ್ತದೆ? ಇದನ್ನು ಯಾರೂ ಬರೆಯಲ್ಲ. ಇಳಿದಷ್ಟೂ ಹೊಸ ಸಾಮಾನು ತೋರಿಸುವ ಪುಟದ ಮೇಲೆ ಒಂದು ಸಂಜೆ ಸ್ಕ್ರಿಪ್ಟ್ ಬಿಟ್ಟು ಮನೆಗೆ ಹೋದೆ. ಬೆಳಗ್ಗೆ ಬಂದರೆ ಇನ್ನೂ ಇಳಿಯುತ್ತಲೇ ಇದೆ, ಲ್ಯಾಪ್‌ಟಾಪ್ ಕಾವಲಿ ಥರ ಕಾದಿದೆ. ಪುಟದ ಎತ್ತರ ಸತತ ಮೂರು ಸಲ ಬದಲಾಗದಿದ್ದರೆ ನಿಲ್ಲು, ಇಲ್ಲಾ ಇಷ್ಟು ಹೆಜ್ಜೆಗೆ ನಿಲ್ಲು, ಇಲ್ಲಾ ಇಷ್ಟು ನಿಮಿಷಕ್ಕೆ. ಮೂರೂ ಇದ್ದರೆ ಯಾವುದು ಮೊದಲು ಬಂತು ಅಂತ ಕೊನೆಯಲ್ಲಿ ಹೇಳಲಿ.

ಕೇಳಿದವರು:
ತುಂಬಾ ಥ್ಯಾಂಕ್ಸ್. ಇನ್ನೊಂದು ಮುಜುಗರದ ಪ್ರಶ್ನೆ. "ಇದನ್ನು ಬಳಸಿದರೆ ಸೈಟಿನವರಿಗೆ ಬಾಟ್ ಅಂತ ಗೊತ್ತಾಗಲ್ಲ ಅಲ್ವಾ?" ಅಂತ ಇಬ್ಬರು ಕೇಳಿದರು. ಏನು ಬರೆಯಲಿ?

ಎರಡನೇ ಉತ್ತರದವರು:
ಗೊತ್ತಾಗುತ್ತದೆ ಅಂತಲೇ ಬರೆಯಿರಿ. ಆಟೊಮೇಶನ್‌ನಲ್ಲಿ ಓಡುವ ಬ್ರೌಸರ್ ನ್ಯಾವಿಗೇಟರ್.ವೆಬ್‌ಡ್ರೈವರ್ ಎಂಬ ಗುರುತಿನಲ್ಲಿ ತಾನೇ ಹೌದು ಅನ್ನುತ್ತದೆ. ಎಷ್ಟು ನಾಜೂಕಾಗಿ ಸ್ಕ್ರೋಲ್ ಮಾಡಿದರೂ ಅದು ಬದಲಾಗಲ್ಲ. ನಿಮ್ಮ ಟೂಲ್ ಇರುವುದು ನಿಮ್ಮದೇ ಪುಟ ಟೆಸ್ಟ್ ಮಾಡಲು, ಬೇರೆಯವರದ್ದಾದರೆ ಅನುಮತಿ ಕೇಳಿ, ಬಾಟ್‌ಗಳು ಎಲ್ಲಿ ಬರಬಹುದು ಅಂತ ಸೈಟ್ ಹೇಳುವ ರೋಬಾಟ್ಸ್.ಟಿಎಕ್ಸ್‌ಟಿ ಫೈಲ್ ನೋಡಿ. 1994ರಿಂದ ನಡೆದು ಬಂದ ಪದ್ಧತಿ ಅದು, 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಾಗಿ ಬಂತು. ಮುಜುಗರ ಏನಿಲ್ಲ, ಮೊದಲ ಪ್ಯಾರಾದಲ್ಲೇ ಹಾಕಿ.

ಕೇಳಿದವರು:
ಕೂತು ಬರೆದೆ. ಮೊದಲು ಯಾಕೆ, ಆಮೇಲೆ ಹಾಗೇ ಕಾಪಿ ಮಾಡಿ ಓಡಿಸಬಹುದಾದ ಆರು ಸಾಲಿನ ಉದಾಹರಣೆ, ಆಮೇಲೆ ಅಂಕಿಗಳು, ಆಮೇಲೆ ಮೆನು ಕತೆ. ಸೀಡ್ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ. ನಾನು ಬಳಸಿದ್ದು ಮ್ಯಾಥ್.ರ‍್ಯಾಂಡಮ್, ಜಾವಾಸ್ಕ್ರಿಪ್ಟ್‌ನದೇ ಫಂಕ್ಷನ್, ಅದಕ್ಕೆ ಸೀಡ್ ಕೊಡಲು ಬರುವುದೇ ಇಲ್ಲ. ರೀಡ್‌ಮಿ ಪಕ್ಕಕ್ಕಿಟ್ಟು ಈಗ ಕೋಡ್ ತಿದ್ದುತ್ತಿದ್ದೇನೆ.