ಅಬರ್ಡೀನ್ ಮೈತ್ರಿ ಸಂಪುಟ (1852–55): ಸದಸ್ಯರು 13, 14, 15 – ಯಾವುದು ಸರಿ?

ಪಟ್ಟಿಗಾರ:

ಬ್ರಿಟನ್ನಿನಲ್ಲಿ 1852ರ ಡಿಸೆಂಬರ್‌ನಿಂದ 1855ರ ಜನವರಿಯವರೆಗೆ ಇದ್ದ ಲಾರ್ಡ್ ಅಬರ್ಡೀನ್ ಅವರ ಮೈತ್ರಿ ಸಂಪುಟವನ್ನು ಒಂದು ಪುಟದ ಕೋಷ್ಟಕಕ್ಕೆ ಇಳಿಸುತ್ತಿದ್ದೇನೆ. ಹೆಸರು, ಖಾತೆ, ಪಕ್ಷ, ಸದನ ಎಂದು ನಾಲ್ಕು ಕಾಲಂ ಹಾಕಿಕೊಂಡಿದ್ದೇನೆ. ಮೂರು ಕಡೆ ಲೆಕ್ಕ ತಪ್ಪುತ್ತಿದೆ.

ಒಂದು, ಒಟ್ಟು ಸದಸ್ಯರ ಸಂಖ್ಯೆ ಕೆಲವು ಪಟ್ಟಿಗಳಲ್ಲಿ 13, ಕೆಲವದರಲ್ಲಿ 14, ಇನ್ನು ಕೆಲವದರಲ್ಲಿ 15. ಎರಡು, ವಿದೇಶಾಂಗ ಖಾತೆಯ ಎದುರು ಒಮ್ಮೆ ಲಾರ್ಡ್ ಜಾನ್ ರಸೆಲ್ ಹೆಸರಿದ್ದರೆ ಇನ್ನೊಮ್ಮೆ ಕ್ಲಾರೆಂಡನ್ ಹೆಸರಿದೆ. ಮೂರು, ಯುದ್ಧಕ್ಕೆ ಇಬ್ಬರು ಸಚಿವರು ಕಾಣಿಸುತ್ತಾರೆ, ಡ್ಯೂಕ್ ಆಫ್ ನ್ಯೂಕ್ಯಾಸಲ್ ಮತ್ತು ಸಿಡ್ನಿ ಹರ್ಬರ್ಟ್. ಇಬ್ಬರೂ ಸಂಪುಟದಲ್ಲಿದ್ದರೇ? ಇದ್ದರೆ ಯಾರ ಕೆಲಸ ಯಾವುದು? ಬಲ್ಲವರು ತಿಳಿಸಿ.

ಹಳೇಕಡತ:

ನೀವು ಹೇಳಿದ ಮೂರು ಸಂಖ್ಯೆಗಳೂ ಸರಿ, ಬೇರೆ ಬೇರೆ ದಿನಗಳಿಗೆ. ಪಟ್ಟಿಯ ತಲೆಯ ಮೇಲೆ ದಿನಾಂಕ ಇಲ್ಲದಿರುವುದೇ ಗೊಂದಲದ ಮೂಲ. ನಾಲ್ಕು ಕಾಲಂ ಸಾಲದು. ‘ಯಾವಾಗಿನಿಂದ’, ‘ಯಾವಾಗಿನವರೆಗೆ’ ಎಂದು ಇನ್ನೆರಡು ಸೇರಿಸಿ.

ಮೊದಲು 1852ರ ಡಿಸೆಂಬರ್ ಕೊನೆಯ ಪಟ್ಟಿ ಬರೆದುಕೊಳ್ಳಿ. ಖಜಾನೆಯ ಮೊದಲ ಲಾರ್ಡ್ ಆಗಿ ಪ್ರಧಾನಿ ಅಬರ್ಡೀನ್. ಲಾರ್ಡ್ ಚಾನ್ಸಲರ್ ಕ್ರ್ಯಾನ್‌ವರ್ತ್. ಪ್ರಿವಿ ಕೌನ್ಸಿಲ್‌ನ ಲಾರ್ಡ್ ಪ್ರೆಸಿಡೆಂಟ್ ಗ್ರ್ಯಾನ್‌ವಿಲ್. ಲಾರ್ಡ್ ಪ್ರಿವಿ ಸೀಲ್ ಡ್ಯೂಕ್ ಆಫ್ ಆರ್ಗೈಲ್. ಗೃಹ ಖಾತೆ ಪಾಮರ್‌ಸ್ಟನ್, ವಿದೇಶಾಂಗ ರಸೆಲ್ (ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ನಾಯಕರೂ ಅವರೇ), ಯುದ್ಧ ಮತ್ತು ವಸಾಹತು ನ್ಯೂಕ್ಯಾಸಲ್, ಹಣಕಾಸು ಗ್ಲ್ಯಾಡ್‌ಸ್ಟನ್, ನೌಕಾ ಖಾತೆ ಸರ್ ಜೇಮ್ಸ್ ಗ್ರಹಾಂ. ಭಾರತದ ವ್ಯವಹಾರ ನೋಡುವ ಬೋರ್ಡ್ ಆಫ್ ಕಂಟ್ರೋಲ್‌ಗೆ ಸರ್ ಚಾರ್ಲ್ಸ್ ವುಡ್. 1854ರ ಶಿಕ್ಷಣ ಆದೇಶಪತ್ರದಿಂದ ನಮಗೆಲ್ಲ ಗೊತ್ತಿರುವ ಅದೇ ವುಡ್. ಸೆಕ್ರೆಟರಿ ಅಟ್ ವಾರ್ ಹುದ್ದೆಯಲ್ಲಿ ಸಿಡ್ನಿ ಹರ್ಬರ್ಟ್, ಸರ್ಕಾರಿ ಕಟ್ಟಡ–ಉದ್ಯಾನಗಳ ಖಾತೆಯಲ್ಲಿ ಸರ್ ವಿಲಿಯಂ ಮೋಲ್ಸ್‌ವರ್ತ್, ಖಾತೆಯಿಲ್ಲದ ಸಚಿವರಾಗಿ ಲ್ಯಾನ್ಸ್‌ಡೌನ್. ಅಲ್ಲಿಗೆ 13.

1853ರ ಫೆಬ್ರವರಿಯಲ್ಲಿ ರಸೆಲ್ ವಿದೇಶಾಂಗ ಖಾತೆ ಬಿಟ್ಟರು, ಕ್ಲಾರೆಂಡನ್ ಬಂದರು. ಆದರೆ ರಸೆಲ್ ಸಂಪುಟ ಬಿಡಲಿಲ್ಲ. ಯಾವ ಹುದ್ದೆಯೂ ಇಲ್ಲದೆ ಕಾಮನ್ಸ್ ನಾಯಕರಾಗಿ ಉಳಿದರು. ಹಾಗಾಗಿ 14. ಅವರ ಹೆಸರನ್ನು ಅಳಿಸಿ ಕ್ಲಾರೆಂಡನ್ ಹೆಸರು ಬರೆಯುವವರೇ ಹೆಚ್ಚು. ಅಲ್ಲಿಂದಲೇ ಮುಂದಿನ ಲೆಕ್ಕವೆಲ್ಲ ಒಂದು ಕಡಿಮೆ ಬರುತ್ತದೆ.

1854ರ ಜೂನ್‌ನಲ್ಲಿ ಯುದ್ಧ ಮತ್ತು ವಸಾಹತು ಖಾತೆಯನ್ನು ಎರಡಾಗಿ ಒಡೆದರು. ನ್ಯೂಕ್ಯಾಸಲ್ ಯುದ್ಧ ಖಾತೆ ಇಟ್ಟುಕೊಂಡರು, ವಸಾಹತು ಖಾತೆಗೆ ಸರ್ ಜಾರ್ಜ್ ಗ್ರೇ ಹೊಸದಾಗಿ ಬಂದರು. ಅಲ್ಲಿಗೆ 15. ಅದೇ ತಿಂಗಳು ರಸೆಲ್ ಲಾರ್ಡ್ ಪ್ರೆಸಿಡೆಂಟ್ ಆದರು. ಆ ಜಾಗ ಬಿಟ್ಟುಕೊಟ್ಟ ಗ್ರ್ಯಾನ್‌ವಿಲ್ ಲ್ಯಾಂಕಾಸ್ಟರ್ ಡಚಿಯ ಚಾನ್ಸಲರ್ ಹುದ್ದೆಗೆ ಇಳಿದರೂ ಸಂಪುಟದಲ್ಲೇ ಮುಂದುವರಿದರು. ಅದಕ್ಕೆ ಮೊದಲು ಡಚಿ ಹುದ್ದೆಯಲ್ಲಿದ್ದ ಎಡ್ವರ್ಡ್ ಸ್ಟ್ರಟ್ ಸಂಪುಟದಲ್ಲಿರಲಿಲ್ಲ. ಅಂದರೆ ಅದೇ ಹುದ್ದೆ ಜೂನ್‌ಗೆ ಮುಂಚೆ ಸಂಪುಟದ ಹೊರಗೆ, ಆಮೇಲೆ ಒಳಗೆ. ಹುದ್ದೆಯ ಹೆಸರು ನೋಡಿ ಸಂಪುಟದಲ್ಲಿದ್ದರೆಂದು ತೀರ್ಮಾನಿಸಬೇಡಿ.

ಪಕ್ಷದ ಕಾಲಂಗೂ ಇದೇ ಎಚ್ಚರ ಬೇಕು. ಆರಂಭದಲ್ಲಿ ಪೀಲ್ ಬಣದವರು, ಅಂದರೆ ಮಾಜಿ ಪ್ರಧಾನಿ ಸರ್ ರಾಬರ್ಟ್ ಪೀಲ್ ಜೊತೆ ಕನ್ಸರ್ವೇಟಿವ್ ಪಕ್ಷದಿಂದ ಒಡೆದು ಬಂದವರು, ಆರು (ಅಬರ್ಡೀನ್, ನ್ಯೂಕ್ಯಾಸಲ್, ಆರ್ಗೈಲ್, ಗ್ಲ್ಯಾಡ್‌ಸ್ಟನ್, ಗ್ರಹಾಂ, ಹರ್ಬರ್ಟ್), ವಿಗ್‌ಗಳು (ಮುಂದೆ ಲಿಬರಲ್ ಪಕ್ಷದಲ್ಲಿ ಸೇರಿದ ಬಣ) ಆರು, ರ‍್ಯಾಡಿಕಲ್ (ತೀವ್ರ ಸುಧಾರಣಾವಾದಿ) ಒಬ್ಬರು, ಅದು ಮೋಲ್ಸ್‌ವರ್ತ್. ಎಲ್ಲರೂ ಬರೆಯುವ ‘6–6–1’ ಇದೇ. ಆದರೆ ಕ್ಲಾರೆಂಡನ್, ಗ್ರೇ ಇಬ್ಬರೂ ವಿಗ್‌ಗಳು. 1854ರ ಜೂನ್ ಹೊತ್ತಿಗೆ ಅದು 6–8–1 ಆಗಿತ್ತು.

ಮತಎಣಿಕೆ:

ಮೇಲಿನ ಉತ್ತರಕ್ಕೆ ಸೇರಿಸುತ್ತೇನೆ. 6–6–1 ಅನ್ನುವುದನ್ನು ‘ಸಮಪಾಲು’ ಎಂದು ಓದಿದರೆ ಈ ಸಂಪುಟ ಅರ್ಥವೇ ಆಗುವುದಿಲ್ಲ. ಕಾಮನ್ಸ್‌ನಲ್ಲಿ ಪೀಲ್ ಬಣದ ಬಲ ನಲವತ್ತರ ಆಸುಪಾಸು. ವಿಗ್ ಮತ್ತು ಅವರ ಜೊತೆಗಿದ್ದ ಲಿಬರಲ್ಲರು ಇನ್ನೂರೈವತ್ತಕ್ಕೂ ಹೆಚ್ಚು. ಹೊರೆ ಹೊರುವವರು ವಿಗ್‌ಗಳು, ಪ್ರಧಾನಿ ಪಟ್ಟವೂ ಖಜಾನೆಯೂ ನೌಕಾಪಡೆಯೂ ಯುದ್ಧವೂ ಪೀಲ್ ಬಣಕ್ಕೆ. ಸಂಪುಟದ ಹೊರಗಿನ ಹುದ್ದೆಗಳನ್ನು ನೋಡಿದರೆ ವಿಗ್‌ಗಳ ಸಿಟ್ಟು ಇನ್ನೂ ಚೆನ್ನಾಗಿ ತಿಳಿಯುತ್ತದೆ. ವ್ಯಾಪಾರ ಮಂಡಳಿಯ ಕಾರ್ಡ್‌ವೆಲ್, ಅಂಚೆ ಇಲಾಖೆಯ ಕ್ಯಾನಿಂಗ್, ಐರ್ಲೆಂಡಿನ ಮುಖ್ಯ ಕಾರ್ಯದರ್ಶಿ ಸರ್ ಜಾನ್ ಯಂಗ್, ಅಲ್ಲಿನ ಲಾರ್ಡ್ ಲೆಫ್ಟಿನೆಂಟ್ ಸೇಂಟ್ ಜರ್ಮನ್ಸ್, ಎಲ್ಲರೂ ಪೀಲ್ ಬಣದವರೇ. ಕೋಷ್ಟಕದಲ್ಲಿ ಜಾಗವಿದ್ದರೆ ‘ಸಂಪುಟದ ಹೊರಗೆ’ ಎಂದು ಒಂದು ಭಾಗ ಕೊಡಿ. ಖಾತೆ ಕ್ಯಾತೆಯ ಅರ್ಧ ಕಥೆ ಅಲ್ಲಿದೆ.

ಇಷ್ಟಾದರೂ ವಿಗ್‌ಗಳು ಒಪ್ಪಿದ್ದೇಕೆ? ಇದಕ್ಕೆ ಮುಂಚಿನ ಕನ್ಸರ್ವೇಟಿವ್ ಡರ್ಬಿ ಸರ್ಕಾರ, ಅದರ ಹಣಕಾಸು ಸಚಿವ ಡಿಸ್ರೇಲಿಯ ಬಜೆಟ್ ಮೇಲೆ 305–286ರಲ್ಲಿ ಬಿತ್ತು. ಬೀಳಿಸಿದ್ದು ಎಲ್ಲ ಬಣಗಳೂ ಸೇರಿ, ಒಬ್ಬರಿಂದಲೇ ಸರ್ಕಾರ ನಡೆಯುವಂತಿರಲಿಲ್ಲ. ರಸೆಲ್ 1852ರ ಫೆಬ್ರವರಿಯವರೆಗೆ ಪ್ರಧಾನಿಯಾಗಿದ್ದವರು, ಅವರ ಕೈಕೆಳಗೆ ಪಾಮರ್‌ಸ್ಟನ್ ಬರುವ ಮಾತೇ ಇರಲಿಲ್ಲ. 1851ರ ಡಿಸೆಂಬರ್‌ನಲ್ಲಿ ಪಾಮರ್‌ಸ್ಟನ್‌ರನ್ನು ವಿದೇಶಾಂಗ ಖಾತೆಯಿಂದ ಹೊರಹಾಕಿದ್ದೇ ರಸೆಲ್. ಪೀಲ್ ಬಣದವರೂ ರಸೆಲ್ ನಾಯಕತ್ವಕ್ಕೆ ಸಿದ್ಧರಿರಲಿಲ್ಲ. 68 ವರ್ಷದ ಅಬರ್ಡೀನ್ ಮೇಲೆ ಮಾತ್ರ ಯಾರಿಗೂ ಹಳೆಯ ಹಗೆ ಇರಲಿಲ್ಲ.

ಸದನದ ಕಾಲಂನಲ್ಲಿ ಒಂದು ಬಲೆಯಿದೆ. ಪಾಮರ್‌ಸ್ಟನ್ ಹೆಸರಿನ ಹಿಂದೆ ‘ಲಾರ್ಡ್’ ಇದ್ದರೂ ಅದು ಐರಿಷ್ ಪದವಿ. ಅವರು ಕೂರುತ್ತಿದ್ದದ್ದು ಕಾಮನ್ಸ್‌ನಲ್ಲಿ. ಲಾರ್ಡ್ ಜಾನ್ ರಸೆಲ್ ಡ್ಯೂಕ್ ಒಬ್ಬರ ಕಿರಿಯ ಮಗ, ಅವರೂ ಕಾಮನ್ಸ್ ಸದಸ್ಯರೇ. ಇದನ್ನು ಸರಿಪಡಿಸಿಕೊಂಡರೆ ಮೊದಲ 13ರಲ್ಲಿ ಲಾರ್ಡ್ಸ್ ಸಭೆಯವರು 6, ಕಾಮನ್ಸ್‌ನವರು 7.

ಕಾಮನ್ಸ್‌ನವರ ವಿಷಯದಲ್ಲಿ ಇನ್ನೊಂದು ಮಾತು. 1707ರ ಕಾಯ್ದೆಯ ಪ್ರಕಾರ, ರಾಜಸತ್ತೆಯಿಂದ ಸಂಬಳದ ಹುದ್ದೆ ಪಡೆದ ಸದಸ್ಯರ ಸ್ಥಾನ ತೆರವಾಗುತ್ತಿತ್ತು. ಮತ್ತೆ ಕ್ಷೇತ್ರಕ್ಕೆ ಹೋಗಿ ಗೆದ್ದು ಬರಬೇಕಿತ್ತು. 1853ರ ಜನವರಿಯಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಕ್ಷೇತ್ರದಲ್ಲಿ ಗ್ಲ್ಯಾಡ್‌ಸ್ಟನ್ ಎದುರು ಡಡ್ಲಿ ಪರ್ಸಿವಲ್ ನಿಂತರು, ಗ್ಲ್ಯಾಡ್‌ಸ್ಟನ್ ಗೆದ್ದರು. ಖಜಾನೆಯ ಕಿರಿಯ ಲಾರ್ಡ್ ಆಗಿ ನೇಮಕಗೊಂಡ ಜಾನ್ ಸ್ಯಾಡ್ಲಿಯರ್ ಕಾರ್ಲೋ ಕ್ಷೇತ್ರದಲ್ಲಿ ಸೋತೇಬಿಟ್ಟರು. ಆಗಿನ ಖಾತೆ ಬದಲಾವಣೆ ಈಗಿನ ಹಾಗೆ ಒಂದು ಸಹಿಯ ಕೆಲಸವಲ್ಲ, ಪ್ರತಿ ಬಾರಿಯೂ ಚುನಾವಣೆಯ ಅಪಾಯ. ಹುದ್ದೆಯಿಲ್ಲದೆ ಸಂಪುಟದಲ್ಲಿ ಕೂರುವವರಿಗೆ ಮಾತ್ರ ಈ ತೊಂದರೆ ಇರಲಿಲ್ಲ.

ಸೇನಾಡಳಿತ:

ಮೂರನೆಯ ಪ್ರಶ್ನೆ ನನಗೆ ಬಹಳ ಮುಖ್ಯವೆನಿಸುತ್ತದೆ, ರಷ್ಯಾ ವಿರುದ್ಧದ ಕ್ರಿಮಿಯಾ ಯುದ್ಧದ ನಡುವೆ ಸರ್ಕಾರ ಬಿದ್ದದ್ದೇ ಅದರಿಂದ.

ಹೌದು, ಇಬ್ಬರೂ ಸಂಪುಟದಲ್ಲಿದ್ದರು, ಆದರೆ ಇಬ್ಬರ ದರ್ಜೆ ಒಂದಲ್ಲ. ನ್ಯೂಕ್ಯಾಸಲ್ ‘ಸೆಕ್ರೆಟರಿ ಆಫ್ ಸ್ಟೇಟ್’. 1852ರಲ್ಲಿ ಅಂಥವರು ಮೂವರೇ: ಗೃಹ, ವಿದೇಶಾಂಗ, ಯುದ್ಧ–ವಸಾಹತು. 1854ರಲ್ಲಿ ನಾಲ್ಕಾದರು. ಯುದ್ಧ ಎಲ್ಲಿ, ಎಷ್ಟು ಸೈನ್ಯ ಎಂಬ ನೀತಿ ಅವರದು. ಹರ್ಬರ್ಟ್ ‘ಸೆಕ್ರೆಟರಿ ಅಟ್ ವಾರ್’. ಸೈನ್ಯದ ಲೆಕ್ಕಪತ್ರ, ವೆಚ್ಚದ ಅಂದಾಜನ್ನು ಕಾಮನ್ಸ್ ಮುಂದಿಡುವುದು, ಸೈನ್ಯಕ್ಕೆ ಸಂಬಂಧಿಸಿದ ಕಾನೂನು ಇವು ಅವರ ಕೆಲಸ. ಯುದ್ಧ ನಡೆಸುವ ಅಧಿಕಾರ ಅವರಿಗಿರಲಿಲ್ಲ. 1854ರ ಅಕ್ಟೋಬರ್‌ನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರಿಗೆ ತುರ್ಕಿಯ ಸ್ಕುಟರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಹೋಗುವಂತೆ ಪತ್ರ ಬರೆದದ್ದು ಇದೇ ಹರ್ಬರ್ಟ್.

ಈಗ ಉಳಿದ ತುಂಡುಗಳನ್ನು ನೋಡಿ. ಕಾಲ್ದಳ ಮತ್ತು ಅಶ್ವದಳದ ಶಿಸ್ತು, ಬಡ್ತಿ ಲಂಡನ್ನಿನ ಸೇನಾ ಕೇಂದ್ರವಾದ ಹಾರ್ಸ್ ಗಾರ್ಡ್ಸ್‌ನಲ್ಲಿ ಕೂರುವ ಸೇನಾ ಮುಖ್ಯಸ್ಥ ಹಾರ್ಡಿಂಜ್ ಕೈಯಲ್ಲಿ, ಅವರು ಸಂಪುಟದಲ್ಲಿಲ್ಲ. ಫಿರಂಗಿ ದಳ, ಎಂಜಿನಿಯರ್ ದಳ, ಮದ್ದುಗುಂಡು ಆರ್ಡ್‌ನೆನ್ಸ್ ಮಂಡಳಿಯ ಕೈಯಲ್ಲಿ. ಅದರ ಮುಖ್ಯಸ್ಥ ಲಾರ್ಡ್ ರ‍್ಯಾಗ್ಲನ್, ಅವರೇ ಸೈನ್ಯದ ದಂಡನಾಯಕರಾಗಿ ಕ್ರಿಮಿಯಾಕ್ಕೆ ಹೋದವರು. ಧಾನ್ಯ, ಮೇವು, ಸಾಗಣೆ ನೋಡುವ ಕಮಿಸರಿಯಟ್ ಖಜಾನೆಯ ಅಧೀನ. ಮಿಲಿಷಿಯಾ (ದೇಶದೊಳಗಿನ ಮೀಸಲು ಪಡೆ) ಗೃಹ ಖಾತೆಗೆ, ಅಂದರೆ ಪಾಮರ್‌ಸ್ಟನ್‌ಗೆ. ಹಡಗುಗಳು ಗ್ರಹಾಂ ಕೈಯಲ್ಲಿ. ಕ್ರಿಮಿಯಾದ ಬಲಕ್ಲಾವ ಬಂದರಿನಿಂದ ಮೇಲಿನ ಶಿಬಿರಕ್ಕೆ ಮೇವು, ರೊಟ್ಟಿ ಸಾಗಿಸುವ ಕುದುರೆ ಸತ್ತರೆ ಯಾರ ಹೊಣೆ? ಸಂಸತ್ತಿನಲ್ಲಿ ಬೈಸಿಕೊಂಡದ್ದು ನ್ಯೂಕ್ಯಾಸಲ್, ಆದರೆ 1854ರ ಡಿಸೆಂಬರ್‌ವರೆಗೆ ಕಮಿಸರಿಯಟ್ ಅವರ ಖಾತೆಗೆ ಬಂದಿರಲೇ ಇಲ್ಲ. ಜೂನ್‌ನಲ್ಲಿ ಖಾತೆ ಒಡೆದಾಗ ಅವರ ಕೈಯಿಂದ ವಸಾಹತುಗಳು ಹೋದವು, ಅಷ್ಟೇ. ಯುದ್ಧದ ಚೂರುಗಳು ಒಂದಾಗಲಿಲ್ಲ. ಯುದ್ಧ ಘೋಷಣೆ ಮಾರ್ಚ್‌ನಲ್ಲೇ ಆಗಿತ್ತು. ಅವರೊಬ್ಬರನ್ನೇ ಅಸಮರ್ಥರೆಂದು ಬರೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಕೋಷ್ಟಕದಲ್ಲಿ ನ್ಯೂಕ್ಯಾಸಲ್ ಮತ್ತು ಹರ್ಬರ್ಟ್ ಅವರನ್ನು ‘ಯುದ್ಧ ಸಚಿವ’ ಎಂಬ ಒಂದೇ ಸಾಲಿಗೆ ತುರುಕಬೇಡಿ. ಹರ್ಬರ್ಟ್ ಎದುರು ‘ಸೇನಾ ಹಣಕಾಸು’ ಎಂದು ಬರೆದರೆ ಓದುವವರಿಗೆ ತಿಳಿಯುತ್ತದೆ.

ಪಟ್ಟಿಗಾರ:

ಮೂವರಿಗೂ ಧನ್ಯವಾದ. ದಿನಾಂಕದ ಕಾಲಂ ಸೇರಿಸಿ ಮತ್ತೆ ಬರೆದೆ, 13–14–15 ಸರಿಹೋಯಿತು. ಇನ್ನೆರಡು ಸಂಶಯ ಉಳಿದಿವೆ. 1853ರ ಡಿಸೆಂಬರ್‌ನಲ್ಲಿ ಪಾಮರ್‌ಸ್ಟನ್ ರಾಜೀನಾಮೆ ಕೊಟ್ಟರು ಎಂದಿದೆ. ಅಲ್ಲಿ ಸಾಲು ಕತ್ತರಿಸಬೇಕೇ? ಮತ್ತು ಸಂಪುಟದ ನಡಾವಳಿ ಪುಸ್ತಕ ಎಲ್ಲೂ ಉಲ್ಲೇಖವಾಗಿಲ್ಲವಲ್ಲ, ಯಾರು ಯಾವ ಸಭೆಗೆ ಬಂದಿದ್ದರು ಎಂದು ತಿಳಿಯುವುದು ಹೇಗೆ?

ಹಳೇಕಡತ:

ಕತ್ತರಿಸಬೇಡಿ. ರಸೆಲ್ ತರಬೇಕೆಂದಿದ್ದ ಮತದಾನ ಸುಧಾರಣಾ ಮಸೂದೆಯನ್ನು ವಿರೋಧಿಸಿ ಪಾಮರ್‌ಸ್ಟನ್ ಹೊರಟರು, ಕ್ರಿಸ್‌ಮಸ್ ಹೊತ್ತಿಗೆ ಮರಳಿದರು. ಗೃಹ ಖಾತೆಗೆ ಬೇರೆಯವರ ನೇಮಕ ಆಗಲೇ ಇಲ್ಲ. ಅಡಿಟಿಪ್ಪಣಿ ಸಾಕು. ಮಸೂದೆ 1854ರ ಫೆಬ್ರವರಿಯಲ್ಲಿ ಮಂಡನೆಯಾಗಿ ಏಪ್ರಿಲ್‌ನಲ್ಲಿ ವಾಪಸಾಯಿತು. ಯುದ್ಧದ ನಡುವೆ ಅದಕ್ಕೆ ಕೇಳುವವರಿರಲಿಲ್ಲ.

ನಡಾವಳಿ ಪುಸ್ತಕ ಇರಲಿಲ್ಲ. ಸಂಪುಟಕ್ಕೆ ಕಾರ್ಯದರ್ಶಿ, ಅಧಿಕೃತ ನಡಾವಳಿ ಬಂದದ್ದು 1916ರಲ್ಲಿ. ಆಗ ಇದ್ದದ್ದು ಪ್ರಧಾನಿ ರಾಣಿಗೆ ಬರೆಯುತ್ತಿದ್ದ ಪತ್ರ ಮತ್ತು ಸಚಿವರ ಖಾಸಗಿ ದಿನಚರಿ, ಪತ್ರಗಳು. ಒಂದೇ ಸಭೆಯ ಬಗ್ಗೆ ಇಬ್ಬರು ಸಚಿವರು ಎರಡು ರೀತಿ ಬರೆದಿದ್ದರೆ ಮೂರನೆಯವರ ಪತ್ರ ಹುಡುಕಬೇಕು. 1854ರ ಜೂನ್ 28ರ ಸಭೆಯನ್ನೇ ನೋಡಿ. ರಿಚ್ಮಂಡ್ ಪಾರ್ಕಿನಲ್ಲಿ ರಸೆಲ್ ಇದ್ದ ಪೆಂಬ್ರೋಕ್ ಲಾಡ್ಜ್‌ನಲ್ಲಿ, ಊಟವಾದ ಮೇಲೆ, ಕ್ರಿಮಿಯಾದ ರಷ್ಯನ್ ನೌಕಾನೆಲೆ ಸೆವಾಸ್ತೋಪೋಲ್ ಮೇಲೆ ದಾಳಿಗೆ ರ‍್ಯಾಗ್ಲನ್‌ಗೆ ಕಳಿಸಬೇಕಾದ ಆದೇಶದ ಕರಡನ್ನು ಓದಲಾಯಿತು. ಓದುವಾಗ ಕೆಲವು ಸಚಿವರು ನಿದ್ದೆ ಹೋಗಿದ್ದರೆಂಬ ಮಾತು ಆಮೇಲೆ ಅಚ್ಚಾಗಿ ಊರೆಲ್ಲ ಹಬ್ಬಿತು. ಆದೇಶಕ್ಕೆ ಒಪ್ಪಿಗೆ ಸಿಕ್ಕಿದ್ದು ಖಚಿತ. ಯಾರು ಯಾವ ಕ್ಷಣದಲ್ಲಿ ಎಚ್ಚರವಿದ್ದರು ಎಂಬುದಕ್ಕೆ ಸಹಿ ಮಾಡಿದ ಕಾಗದ ಇಲ್ಲ.

ಇನ್ನೊಂದು ಕಾಲಂ ಸೇರಿಸುವಿರಾದರೆ ‘ವಿದೇಶಾಂಗ ಅನುಭವ’ ಎಂದು ಹಾಕಿ. ಅಬರ್ಡೀನ್, ಪಾಮರ್‌ಸ್ಟನ್, ಗ್ರ್ಯಾನ್‌ವಿಲ್, ರಸೆಲ್, ಕ್ಲಾರೆಂಡನ್ ಹೀಗೆ ಐವರು ವಿದೇಶಾಂಗ ಸಚಿವರಾಗಿದ್ದವರು ಅಥವಾ ಆಗಿರುವವರು ಒಂದೇ ಮೇಜಿನ ಸುತ್ತ. ರಷ್ಯಾ–ತುರ್ಕಿ ಬಿಕ್ಕಟ್ಟಿನಲ್ಲಿ ಅಬರ್ಡೀನ್ ಸಂಧಾನದ ಕಡೆ, ಪಾಮರ್‌ಸ್ಟನ್ ಮತ್ತು ರಸೆಲ್ ನೌಕಾಪಡೆಯನ್ನು ಮುಂದೊತ್ತುವ ಕಡೆ. ಕ್ಲಾರೆಂಡನ್ ನಡುವೆ ಸಿಕ್ಕಿಕೊಂಡರು. ಸಂಧಾನಕ್ಕೆ ಸಾಲದಷ್ಟು ಗಡಸು, ಬೆದರಿಸಲು ಸಾಲದಷ್ಟು ಮೆದು ಎನ್ನುವಂಥ ನಿರ್ಣಯಗಳು ಹುಟ್ಟಿದ್ದು ಈ ಎಳೆದಾಟದಿಂದ.

ಮತಎಣಿಕೆ:

ಕೊನೆಯ ಸಾಲನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. 1855ರ ಜನವರಿ 23ರಂದು ಕಾಮನ್ಸ್ ಸದಸ್ಯ ರೋಬಕ್, ಸೆವಾಸ್ತೋಪೋಲ್ ಎದುರಿದ್ದ ಬ್ರಿಟಿಷ್ ಸೈನ್ಯದ ಸ್ಥಿತಿ ತನಿಖೆಗೆ ಸಮಿತಿ ಬೇಕೆಂದು ನೋಟಿಸ್ ಕೊಟ್ಟರು. ಕೂಡಲೇ ರಸೆಲ್ ರಾಜೀನಾಮೆ ಕೊಟ್ಟರು. ಸಹೋದ್ಯೋಗಿಗಳ ಪರ ಮಾತಾಡಬೇಕಾದ ಸದನ ನಾಯಕರೇ ಹೊರನಡೆದರು. 29ರ ಮತದಾನದಲ್ಲಿ 305–148, ಅಂದರೆ 157ರ ಅಂತರದ ಸೋಲು. ಮರುದಿನ ಅಬರ್ಡೀನ್ ರಾಜೀನಾಮೆ. ಆದ್ದರಿಂದ ರಸೆಲ್ ಸಾಲು ಉಳಿದವರಿಗಿಂತ ಒಂದು ವಾರ ಮೊದಲೇ ಮುಗಿಯುತ್ತದೆ.

ಫೆಬ್ರವರಿಯ ಪಾಮರ್‌ಸ್ಟನ್ ಸಂಪುಟವನ್ನು ಇದೇ ಕೋಷ್ಟಕಕ್ಕೆ ಅಂಟಿಸಬೇಡಿ. ಹೆಸರುಗಳು ಬಹುಪಾಲು ಅವೇ, ಆದರೆ ಪ್ರಧಾನಿ ಬದಲಾದರೆ ಸರ್ಕಾರ ಬದಲಾದಂತೆ. ಅದಕ್ಕೂ ಎರಡು ಪಟ್ಟಿ ಬೇಕು. ಮೊದಲ ಪಟ್ಟಿಯಲ್ಲಿ ಗ್ಲ್ಯಾಡ್‌ಸ್ಟನ್, ಗ್ರಹಾಂ ಹಳೆಯ ಖಾತೆಗಳಲ್ಲೇ, ಹರ್ಬರ್ಟ್ ವಸಾಹತು ಖಾತೆಯಲ್ಲಿ, ಯುದ್ಧ ಖಾತೆಗೆ ಪ್ಯಾನ್‌ಮ್ಯೂರ್. ರೋಬಕ್ ಕೇಳಿದ್ದ ಸಮಿತಿಯನ್ನು ಸರ್ಕಾರ ಕೈಬಿಡುವುದಿಲ್ಲವೆಂದಾದಾಗ ಗ್ಲ್ಯಾಡ್‌ಸ್ಟನ್, ಗ್ರಹಾಂ, ಹರ್ಬರ್ಟ್ ಮೂವರೂ ಅದೇ ತಿಂಗಳು ಹೊರಬಿದ್ದರು. ಎರಡನೆಯ ಪಟ್ಟಿಯಲ್ಲಿ ಹಣಕಾಸು ಜಾರ್ಜ್ ಕಾರ್ನ್‌ವಾಲ್ ಲೂಯಿಸ್, ನೌಕಾ ಖಾತೆ ವುಡ್, ಬೋರ್ಡ್ ಆಫ್ ಕಂಟ್ರೋಲ್ ವರ್ನನ್ ಸ್ಮಿತ್, ವಸಾಹತು ರಸೆಲ್. ಆದರೆ ಪೀಲ್ ಬಣದ ಆರ್ಗೈಲ್ ಎರಡೂ ಪಟ್ಟಿಗಳಲ್ಲಿ ಲಾರ್ಡ್ ಪ್ರಿವಿ ಸೀಲ್ ಆಗಿಯೇ ಸಿಗುತ್ತಾರೆ. ‘ಪೀಲ್ ಬಣದವರೆಲ್ಲ ಹೊರನಡೆದರು’ ಎಂದು ಬರೆಯುವ ಮುನ್ನ ಅವರ ಸಾಲನ್ನು ನೋಡಿಕೊಳ್ಳಿ.