ಶನಿವಾರ ಸರಿ ಇರುತ್ತೆ, ಸೋಮವಾರ 2 ಮಿಮೀ ಆಚೆ: ರೋಬೋ ಅಡಾಪ್ಟರ್ ಪ್ಲೇಟ್ ಸಮಸ್ಯೆ

ಪೀಣ್ಯ_ಫಿಟ್ಟರ್:
ತಲೆ ಕೆಟ್ಟು ಹೋಗಿದೆ. 10 ಕೆಜಿ ಎತ್ತುವ ರೋಬೋ, ಅದರ ಕೈ ತುದಿಗೆ 12 ಮಿಮೀ ಅಲ್ಯುಮಿನಿಯಂ ಅಡಾಪ್ಟರ್ ಪ್ಲೇಟ್, ಅದರ ಮೇಲೆ ವ್ಯಾಕ್ಯೂಮ್ ಕಪ್ ಬ್ರಾಕೆಟ್. ವಾರವೆಲ್ಲ ಚೆನ್ನಾಗಿ ಓಡುತ್ತದೆ. ಸೋಮವಾರ ಬೆಳಿಗ್ಗೆ ನೋಡಿದರೆ ಪಾರ್ಟ್ ಎತ್ತುವ ಪಿಕ್ ಪಾಯಿಂಟ್‌ಗಳೆಲ್ಲ 2 ಮಿಮೀ ಆಚೆ. ಒಂದು ವಾರ ಎಡಕ್ಕೆ, ಇನ್ನೊಂದು ವಾರ ಬಲಕ್ಕೆ. ಮತ್ತೆ ಟೀಚ್ ಮಾಡುವುದರಲ್ಲೇ, ಅಂದರೆ ರೋಬೋಗೆ ಜಾಗ ತೋರಿಸಿಕೊಡುವುದರಲ್ಲೇ, ಅರ್ಧ ಶಿಫ್ಟ್ ಹೋಗುತ್ತದೆ. ಸ್ಕ್ರೂ ಎಲ್ಲ ಟೈಟ್ ಇವೆ, ದಯವಿಟ್ಟು ಅದನ್ನೇ ಕೇಳಬೇಡಿ.

ವೈರಿಂಗ್_ಬಾಕ್ಸ್:
ಎನ್‌ಕೋಡರ್ ಬ್ಯಾಟರಿ ಗುರು, ಪವರ್ ಇಲ್ಲದಾಗ ರೋಬೋ ಪೊಸಿಷನ್ ನೆನಪಿಡೋದು ಅದೇ. ಭಾನುವಾರ ಪವರ್ ಆಫ್ ಮಾಡ್ತೀರಾ ಅಲ್ವಾ? ಬ್ಯಾಟರಿ ವೀಕ್ ಆಗಿರುತ್ತೆ.

ಪೀಣ್ಯ_ಫಿಟ್ಟರ್:
ಬ್ಯಾಟರಿ ಹೊಸದು. ಅಲಾರಂ ಏನೂ ಬಂದಿಲ್ಲ.

ವೈರಿಂಗ್_ಬಾಕ್ಸ್:
ಹೊಸದಾದರೂ ಕನೆಕ್ಟರ್ ಲೂಸ್ ಇರಬಹುದು. ಮಾಸ್ಟರಿಂಗ್ ಮಾಡಿ (ಕೀಲುಗಳ ಸೊನ್ನೆ ಪೊಸಿಷನ್ ಮತ್ತೆ ಸೆಟ್ ಮಾಡಿ) ನೋಡಿ, ಬೇರೆ ದಾರಿ ಇಲ್ಲ.

ಹುಬ್ಬಳ್ಳಿ_ಮಿಲ್ಲಿಂಗ್:
ಪ್ಲೇಟ್ ಯಾವ ಗ್ರೇಡು ಅಂತ ಹೇಳೇ ಇಲ್ಲ. 6061 ಟಿ6 ಹೌದಾ ಅಥವಾ ಗುಜರಿಯಲ್ಲಿ ಸಿಕ್ಕಿದ್ದಾ? ನಾನಾದರೆ ಇಎನ್8 ಸ್ಟೀಲಿನಲ್ಲೇ ಮಾಡುತ್ತೇನೆ, ಅಲ್ಯುಮಿನಿಯಂ ಬಾಗುತ್ತದೆ.

ವೈರಿಂಗ್_ಬಾಕ್ಸ್:
10 ಕೆಜಿ ರೋಬೋಗೆ ಸ್ಟೀಲ್ ಪ್ಲೇಟಾ? ಅದೇ ಸೈಜಿಗೆ ತೂಕ ಸುಮಾರು ಮೂರು ಪಟ್ಟು. ಪೇಲೋಡ್ ಎಲ್ಲಾ ಪ್ಲೇಟಿಗೇ ಹೋದರೆ ಜಾಬ್ ಯಾವುದರಲ್ಲಿ ಎತ್ತುತ್ತೀರಿ?

ಹುಬ್ಬಳ್ಳಿ_ಮಿಲ್ಲಿಂಗ್:
ಪಾಕೆಟ್ (ಗುಳಿ) ಹೊಡೆದು ತೂಕ ಇಳಿಸಿದರೆ ಆಯಿತು. ನಮ್ಮ ವಿಎಂಸಿ ಮಿಲ್ಲಿಂಗ್ ಮೆಷಿನ್ನಿನಲ್ಲಿ 10 ಮೈಕ್ರಾನ್ ಫ್ಲ್ಯಾಟ್‌ನೆಸ್ ಆರಾಮಾಗಿ ಬರುತ್ತದೆ. ಹೋದ ತಿಂಗಳು ಆರು ಪ್ಲೇಟ್ ಕಳಿಸಿದ್ದೇವೆ, ಒಂದೂ ವಾಪಸ್ ಬಂದಿಲ್ಲ.

ಟೂಲ್‌ರೂಮ್_ಹಳಬ:
ಗ್ರೇಡು ಆಮೇಲೆ ನೋಡೋಣ. ಬ್ಯಾಟರಿ ಸತ್ತರೆ ಪೊಸಿಷನ್ನೇ ಹೋಗುತ್ತದೆ, ರೋಬೋ ಅಲಾರಂ ಕೊಟ್ಟು ನಿಲ್ಲುತ್ತದೆ. ಅಲಾರಂ ಇಲ್ಲದೆ ವಾರಕ್ಕೊಮ್ಮೆ ಎಡ, ವಾರಕ್ಕೊಮ್ಮೆ ಬಲ ಅಂತ ಸರಿಯುವುದಿಲ್ಲ. ಪೀಣ್ಯದವರೇ, ಎರಡು ವಿಷಯ ಹೇಳಿ. ಶನಿವಾರ ಸಂಜೆ ಏನು ಮಾಡುತ್ತೀರಿ? ಪ್ಲೇಟ್ ರೋಬೋ ಕೈ ತುದಿಯ ಫ್ಲೇಂಜಿನ ಮೇಲೆ ಯಾವುದರಿಂದ ಲೊಕೇಟ್ ಆಗುತ್ತದೆ?

ಪೀಣ್ಯ_ಫಿಟ್ಟರ್:
ಶನಿವಾರ ಕಪ್ ತೊಳೆಯಲು ಪ್ಲೇಟ್ ಸಮೇತ ಬಿಚ್ಚುತ್ತೇವೆ, ಅದು ಎಲ್ಲರೂ ಮಾಡುವುದೇ. ಫ್ಲೇಂಜ್ 50-4-ಎಂ6, ಅಂದರೆ 50ರ ವೃತ್ತದಲ್ಲಿ 4 ಎಂ6 ಸ್ಕ್ರೂ. ಪ್ಲೇಟಿನ ಮಧ್ಯೆ 31.5ರ ಬಾಸ್ (ಉಬ್ಬಿದ ಗುಂಡು ಭಾಗ) ಇದೆ, ಫಿಟ್ ಚೆನ್ನಾಗಿದೆ. 4 ಸ್ಕ್ರೂ, ಹೋಲ್ 6.6. ಡ್ರಾಯಿಂಗಿನಲ್ಲಿ ಇರುವುದು ಇಷ್ಟೇ. ಕಪ್ ಬ್ರಾಕೆಟ್ ಸೆಂಟರಿನಿಂದ 180 ಮಿಮೀ ದೂರ.

ಟೂಲ್‌ರೂಮ್_ಹಳಬ:
ಸಿಕ್ಕಿತು. ಪ್ಲೇಟ್ ತಿರುಗದಂತೆ ಹಿಡಿಯುವ ಡೋವೆಲ್ ಪಿನ್ ಎಲ್ಲಿ?

31.5ರ ಬಾಸ್ ಸೆಂಟರ್ ಹಿಡಿಯುತ್ತದೆ, ತಿರುಗುವುದನ್ನು ಹಿಡಿಯುವುದಿಲ್ಲ. ಎಂ6 ಸ್ಕ್ರೂಗೆ 6.6 ಹೋಲ್ ಅಂದರೆ ಆಚೆ ಈಚೆ 0.3 ಆಟ. ಪಿಸಿಡಿ (ಸ್ಕ್ರೂಗಳ ವೃತ್ತದ ವ್ಯಾಸ) 50, ಅಂದರೆ 25ರ ರೇಡಿಯಸ್‌ನಲ್ಲಿ 0.3. ಅದೇ ಕೋನ 180ಕ್ಕೆ ಹೋದರೆ 2.16 ಮಿಮೀ. ನಿಮ್ಮ 2 ಮಿಮೀ ಅದೇ. ಸ್ಕ್ರೂ ಎಷ್ಟೇ ಟೈಟ್ ಇದ್ದರೂ, ಬಿಚ್ಚಿ ಹಾಕಿದಾಗಲೆಲ್ಲ ಬೇರೆ ಕೋನದಲ್ಲಿ ಟೈಟ್ ಆಗುತ್ತದೆ. ರೋಬೋ ಫ್ಲೇಂಜಿನ ಸ್ಟ್ಯಾಂಡರ್ಡ್ ಐಎಸ್ಒ 9409-1ರ ಆ ಫ್ಲೇಂಜಿನಲ್ಲಿ 6 ಎಚ್7 (ದೊಡ್ಡ H, ಹೋಲಿನ ಟಾಲರೆನ್ಸ್) ಪಿನ್ ಹೋಲ್ ಇರುತ್ತದೆ, ಸ್ಕ್ರೂಗಳ ಮಧ್ಯೆ ನೋಡಿ. ಪ್ಲೇಟ್ ಡ್ರಾಯಿಂಗ್ ಮಾಡುವವರು ಇದನ್ನು ಬಿಡುವುದು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ. ಒಂದು ಪಿನ್ ಇಲ್ಲದೆ ಆಪರೇಟರ್ ಪ್ರತಿ ಸೋಮವಾರ ಒದ್ದಾಡಬೇಕು.

ಡಯಲ್ ಗೇಜ್ ಇಟ್ಟು ಅಳೆದು ನೋಡಿ. ಸೆಂಟರ್ ಹತ್ತಿರ ಎರರ್ ಕಮ್ಮಿ, ದೂರ ಹೋದಂತೆ ಜಾಸ್ತಿ ಇದ್ದರೆ ಇದೇ ಕಾರಣ.

ವೈರಿಂಗ್_ಬಾಕ್ಸ್:
ಆದರೂ ಮಾಸ್ಟರಿಂಗ್ ಒಂದ್ಸಲ ಚೆಕ್ ಮಾಡುವುದು ಒಳ್ಳೆಯದು.

ಪೀಣ್ಯ_ಫಿಟ್ಟರ್:
ನೋಡಿದೆ. ಬ್ರಾಕೆಟ್ ತುದಿಯಲ್ಲಿ 1.9, ಅರ್ಧ ದೂರದಲ್ಲಿ 1ರ ಹತ್ತಿರ. ಫ್ಲೇಂಜಿನಲ್ಲಿ ಪಿನ್ ಹೋಲ್ ಇದೆ, ಗ್ರೀಸ್ ತುಂಬಿ ಮುಚ್ಚಿತ್ತು. ಪ್ಲೇಟ್ ಆನೋಡೈಸ್ ಆಗಿದೆ (ಮೇಲೆ ಗಟ್ಟಿ ಪದರ ಇದೆ), ಈಗ ಅದರಲ್ಲಿ ಪಿನ್ ಹೋಲ್ ಹಾಕಿ ರೀಮ್ ಮಾಡಬಹುದಾ (ಸರಿಯಾದ ಅಳತೆಗೆ ತರಬಹುದಾ)?

ಟೂಲ್‌ರೂಮ್_ಹಳಬ:
ಮಾಡಬಹುದು, ಆದರೆ ಕೈ ಡ್ರಿಲ್ಲಿನಲ್ಲಿ ಬೇಡ. ಬಾಸ್ ಡಯಲ್ ಮಾಡಿ ಸೆಂಟರ್ ತೆಗೆದು, ಮೆಷಿನ್ನಿನಲ್ಲೇ 25ರ ರೇಡಿಯಸ್‌ಗೆ ಹಾಕಿ. ಪಿನ್ ಪ್ಲೇಟಿನಲ್ಲಿ ಬಿಗಿಯಾಗಿ ಕೂರಲಿ, ಫ್ಲೇಂಜಿನಲ್ಲಿ ಜಾರಲಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಹಾರ್ಡ್ ಡೋವೆಲ್ 6ಕ್ಕಿಂತ 4ರಿಂದ 12 ಮೈಕ್ರಾನ್ ದಪ್ಪ, ಅದನ್ನು ಫ್ಲೇಂಜಿಗೆ ಹೊಡೆದರೆ ಬಿಚ್ಚುವಾಗ ರಿಸ್ಟ್ ಬೇರಿಂಗಿಗೆ ಪೆಟ್ಟು. 6 ಎಚ್6 (ಸಣ್ಣ h, 6ಕ್ಕಿಂತ ದಪ್ಪ ಇರದ) ಪಿನ್ ಕೇಳಿ ತನ್ನಿ. ಅದು ಆಚೆ ಈಚೆ 10 ಮೈಕ್ರಾನ್ ಆಡಿದರೂ 180ರಲ್ಲಿ 0.07 ಮಾತ್ರ. ರೋಬೋ ಫ್ಲೇಂಜಿಗೆ ಮಾತ್ರ ರೀಮರ್ ಹಾಕಲೇಬೇಡಿ. ಪಿನ್ ಉದ್ದವೂ ನೋಡಿ, ಹೋಲಿನ ತಳ ತಾಗಿದರೆ ಪ್ಲೇಟ್ ಫೇಸಿಗೆ ಕೂರುವುದಿಲ್ಲ.

ಹುಬ್ಬಳ್ಳಿ_ಮಿಲ್ಲಿಂಗ್:
ಪಿನ್ ವಿಷಯ ಒಪ್ಪುತ್ತೇನೆ. ಆದರೂ ಸ್ಟೀಲ್ ಪ್ಲೇಟಿನಲ್ಲಿ ಹೋಲ್ ಬೇಗ ಸವೆಯುವುದಿಲ್ಲ.

ಟೂಲ್‌ರೂಮ್_ಹಳಬ:
ಅದು ಸರಿ. ಅಲ್ಯುಮಿನಿಯಂ ಹೋಲಿಗೆ ಸ್ಟೀಲ್ ಬುಷ್ (ಒಳಕೊಳವೆ) ಹಾಕಿದರೂ ಆಯಿತು.

ಪೀಣ್ಯ_ಫಿಟ್ಟರ್:
ಪಿನ್ ಹಾಕಿಸಿದೆ. ಈ ಸೋಮವಾರ ಟೀಚ್ ಮುಟ್ಟದೆ ಲೈನ್ ಸ್ಟಾರ್ಟ್ ಆಯಿತು. ತುಂಬಾ ಥ್ಯಾಂಕ್ಸ್ ಅಣ್ಣ.

ಹೊಸೂರು_ಲೈನ್2:
ನಮ್ಮದು ದೊಡ್ಡ ರೋಬೋ, 125-6-ಎಂ10. ಟೂಲ್ ತಾನೇ ಬದಲಿಸುವ ಟೂಲ್ ಚೇಂಜರ್ ಹಾಕಿದ್ದೇವೆ, ಬಿಚ್ಚೋ ಕೆಲಸವೇ ಇಲ್ಲ. ಆದರೆ ಚೇಂಜರ್ ಪ್ಲೇಟಿನಲ್ಲಿ 10ರ ಪಿನ್ ಫ್ಲೇಂಜಿನ ಹೋಲಿಗೆ ಸರಿಯಾಗಿ ಎದುರು ಬರುತ್ತಿಲ್ಲ, ಒಂಚೂರು ಪಕ್ಕಕ್ಕಿದೆ. ಯಾರಾದರೂ ನೋಡಿದ್ದೀರಾ?

ಟೂಲ್‌ರೂಮ್_ಹಳಬ:
ಫೋಟೋ ಹಾಕಿ. ಪ್ಲೇಟ್ ಒಂದು ಸ್ಕ್ರೂ ಹೋಲ್ ತಿರುಗಿ ಕೂತಿದೆಯಾ, ಮೊದಲು ಅದು ನೋಡಿ.